ತೂಗುವ ಊರಿಗೆ ಕವಾಯತು ಬಂದದ್ದು

ಎರಡು ಬೆಟ್ಟಗಳ ನಡುವೆ ಒಂದು ಊರು ತೂಗುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತೂಗುತ್ತಿತ್ತು. ಬೀದಿಗಳೆಲ್ಲ ಹಲಗೆ, ಮನೆಗಳೆಲ್ಲ ಹಗ್ಗಕ್ಕೆ ಕಟ್ಟಿದ ಮರದ ಗೂಡು. ಕೆಳಗೆ ಬಗ್ಗಿ ನೋಡಿದರೆ ಮೋಡ. ಮೋಡದ ಕೆಳಗೆ ಏನಿದೆ ಎಂದು ನೋಡಿಕೊಂಡು ಬಂದವರು ಯಾರೂ ಇಲ್ಲ, ಹೋದವರು ಮಾತ್ರ ಇದ್ದಾರೆ. ಇಷ್ಟೆಲ್ಲವನ್ನೂ ಹೊತ್ತುಕೊಂಡಿದ್ದದ್ದು ಒಂದೇ ಒಂದು ತಾಯಿಹಗ್ಗ. ಒಂಬತ್ತು ಎಳೆ ಸೇರಿಸಿ ಹೊಸೆದ ಆ ಹಗ್ಗ ಊರಿನ ನೆತ್ತಿಯ ಮೇಲೆ ಈ ಬೆಟ್ಟದಿಂದ ಆ ಬೆಟ್ಟಕ್ಕೆ ಹಾದುಹೋಗಿತ್ತು.

ಆ ಊರಿಗೆ ಕಟ್ಟಳೆ ಎಂದು ಇದ್ದದ್ದು ಒಂದೇ. ಒಬ್ಬರ ಹೆಜ್ಜೆ ಇನ್ನೊಬ್ಬರ ಹೆಜ್ಜೆಯ ಜೊತೆ ಬೀಳಕೂಡದು. ಇಬ್ಬರ ಕಾಲು ಒಟ್ಟಿಗೆ ಬಿದ್ದರೆ ಹಲಗೆ ತುಸು ಹೆಚ್ಚು ತೂಗುತ್ತದೆ. ನಾಲ್ವರದು ಬಿದ್ದರೆ ಗೂಡುಗಳಲ್ಲಿ ಪಾತ್ರೆ ಅಲುಗುತ್ತವೆ. ಹತ್ತು ಜನರದು ಒಂದೇ ತಾಳಕ್ಕೆ ಬಿದ್ದರೆ ಏನಾಗುತ್ತದೆ ಎಂದು ಮಕ್ಕಳು ಕೇಳಿದಾಗ ಹಿರಿಯರು ಸುಮ್ಮನೆ ಕೆಳಗಿನ ಮೋಡ ತೋರಿಸುತ್ತಿದ್ದರು.

ಹಾಗಾಗಿ ಅಲ್ಲಿ ಒಬ್ಬೊಬ್ಬರದು ಒಂದೊಂದು ನಡಿಗೆ. ಒಬ್ಬ ಕುಪ್ಪಳಿಸುತ್ತಿದ್ದ, ಒಬ್ಬಳು ಎರಡು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದಿಡುತ್ತಿದ್ದಳು, ಇನ್ನೊಬ್ಬ ಏನನ್ನೋ ಮರೆತುಬಂದವನ ಹಾಗೆ ನಡುನಡುವೆ ನಿಲ್ಲುತ್ತಿದ್ದ. ಮದುವೆಯಲ್ಲಿ ಗಂಡುಹೆಣ್ಣು ಅಪ್ಪಿತಪ್ಪಿ ಒಟ್ಟಿಗೆ ಕಾಲಿಟ್ಟರೆ ಪುರೋಹಿತರು ಹಣೆ ಚಚ್ಚಿಕೊಂಡು ಮೊದಲಿಂದ ಶುರುಮಾಡುತ್ತಿದ್ದರು. ಡೋಲಿನವನಂತೂ ಯಾರಿಗೂ ಹಿಡಿಯಲಾಗದ ಹಾಗೆ ಬಾರಿಸುತ್ತಿದ್ದ. ಅವನನ್ನು ಊರೆಲ್ಲ ಹೊಗಳುತ್ತಿತ್ತು, ಅವನ ಹೆಂಡತಿ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ಹೆಣ ಹೊರುವ ನಾಲ್ವರದಂತೂ ನಾಲ್ಕು ತರಹದ ನಡಿಗೆ. ಆ ಕುಲುಕಾಟಕ್ಕೆ ಹೆಣವೇ ಎದ್ದು ಕೂತು ಬೈಯಬೇಕು, ಹಾಗಿರುತ್ತಿತ್ತು.

ತೊಂದರೆ ಕೊಡುತ್ತಿದ್ದವರು ದಂಡಿಗೆ ಹೋಗಿ ಬಂದವರು. ರಾಜನ ದಂಡಿನಲ್ಲಿ ಕವಾಯತು ಕಲಿಸುತ್ತಾರಲ್ಲ, ಎಡ ಬಲ, ಎಡ ಬಲ. ಅದು ಕಾಲಿಗೆ ಒಮ್ಮೆ ಹತ್ತಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಅದನ್ನು ಬಿಡಿಸಲಿಕ್ಕೆಂದೇ ಊರು ಒಬ್ಬ ಹೆಂಗಸನ್ನು ಇಟ್ಟಿತ್ತು. ಅವಳನ್ನು ಎಲ್ಲರೂ ಬಿಡಿಸುವಕ್ಕ ಎನ್ನುತ್ತಿದ್ದರು. ಹಲಗೆ ಶುರುವಾಗುವ ಜಾಗದಲ್ಲಿ, ಬೆಟ್ಟದ ಗಟ್ಟಿ ನೆಲದ ಮೇಲೆ, ಅವಳ ಚಪ್ಪರ. ಬೆಳಗ್ಗೆ ಬಂದು ಅಲ್ಲಿ ಕೂರುತ್ತಿದ್ದಳು, ಸಂಜೆ ಹಲಗೆ ದಾಟಿ ತನ್ನ ಗೂಡಿಗೆ ಹೋಗಿ ಒಲೆ ಹಚ್ಚುತ್ತಿದ್ದಳು.

ದಂಡಿನಿಂದ ಬಂದವನು ಯಾರೇ ಆಗಲಿ, ಎಷ್ಟೇ ಮೀಸೆ ಬಿಟ್ಟಿರಲಿ, ಮೊದಲು ಅವಳ ಮುಂದೆ ಕಾಲಿನ ಜೋಡು ಬಿಚ್ಚಬೇಕು. ಆಮೇಲೆ ಅವನ ಎಡ ಸೊಂಟದ ಮೇಲೆ ತುಂಬಿದ ಮಜ್ಜಿಗೆ ಕೊಡ ಇಟ್ಟು, ತನ್ನ ನಾಲ್ಕು ಆಡುಗಳ ಮಧ್ಯೆ ನಡೆಸುತ್ತಿದ್ದಳು. ಆಡಿನ ಜೊತೆ ಹೆಜ್ಜೆ ಸೇರಿಸಿ ನಡೆದ ಮನುಷ್ಯ ಇನ್ನೂ ಹುಟ್ಟಬೇಕು. ಅದೂ ಸಾಲದು ಎಂದು ಪಕ್ಕದಲ್ಲೇ ನಡೆಯುತ್ತ ಬಾಯಿಗೆ ಬಿಡುವು ಕೊಡದೆ ಕೇಳುತ್ತಿದ್ದಳು.

"ನಿಮ್ಮ ದಂಡಿನಲ್ಲಿ ಸಾರಿಗೆ ಹುಣಿಸೆ ಹಾಕ್ತಿದ್ದರೋ, ನಿಂಬೆಹಣ್ಣೋ?"

"ಹುಣಿಸೆ, ಅಕ್ಕ. ಎಡ..."

"ಹಳೇ ಹುಣಿಸೆಯೋ, ಹೊಸದೋ?"

"ನೆನಪಿಲ್ಲ ಅಕ್ಕ. ಬಲ..."

"ನೆನಪಿಲ್ಲದೆ ಏನು? ತಿಂದವನು ನೀನು ತಾನೇ? ಅಯ್ಯೋ, ಮಜ್ಜಿಗೆ!"

ಇಪ್ಪತ್ತೊಂದು ದಿನ ಹೀಗೆ. ಕೊನೆಯ ದಿನ ಅವನನ್ನು ಮುಂದೆ ನಡೆಸಿ, ಅವಳು ಹಿಂದೆ ನಿಂತು ಅವನ ಮೊಣಕಾಲಿನ ಹಿಂಬದಿ ನೋಡುತ್ತಿದ್ದಳು. ಅಲ್ಲಿ ಇನ್ನೂ ಬಿಗಿಯಿದ್ದರೆ ಮತ್ತೆ ಮಜ್ಜಿಗೆ, ಮತ್ತೆ ಆಡು. ಬಿಗಿ ಬಿಟ್ಟಿದ್ದರೆ ಬೆನ್ನಿಗೊಂದು ಗುದ್ದು ಕೊಟ್ಟು, "ಹೋಗೋ, ಮನೆಗೆ ಹೋಗು" ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳ ಕಣ್ಣು ಒಮ್ಮೆಯೂ ಮೋಸ ಹೋಗಿರಲಿಲ್ಲ.

ಅದಿರಲಿ. ಆ ಊರಲ್ಲಿ ಏಳು ಜನ ಪುಂಡರಿದ್ದರು. ಪುಂಡರೇನೋ ಹೌದು, ಆದರೆ ಕೈಲಾಗದ ಪುಂಡರು. ಒಮ್ಮೆ ಕುಂಬಳಕಾಯಿ ಕದಿಯಲು ಹೋಗಿ, ಯಾರು ಹೊರಬೇಕು ಎಂದು ಕಿತ್ತಾಡಿ, ಕುಂಬಳಕಾಯಿ ಮೋಡದೊಳಗೆ ಬಿತ್ತು. ಇನ್ನೊಮ್ಮೆ ಎಣ್ಣೆಯಂಗಡಿಗೆ ನುಗ್ಗುವುದೆಂದು ಮಾತಾಡಿಕೊಂಡು ಏಳು ಜನ ಏಳು ಹೊತ್ತಿಗೆ ಬಂದರು. ಮೊದಲು ಬಂದವನನ್ನು ಅಂಗಡಿಯವನು ಬೈದು ಓಡಿಸಿದ, ಕೊನೆಗೆ ಬಂದವನ ಮುಖ ನೋಡಿ ಪಾಪ ಅನ್ನಿಸಿ ಊಟ ಹಾಕಿದ. ಇವರ ಮುಂದಾಳು ಯಾರಪ್ಪಾ ಅಂದರೆ ನಮ್ಮ ಬಿಡಿಸುವಕ್ಕನ ಸ್ವಂತ ತಮ್ಮ. ತಾಯಿತಂದೆ ಇಲ್ಲದ ಆ ಹುಡುಗನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಅವನ ಹೆಸರೆತ್ತಿದರೆ ಊರು ಮೂಗು ಮುರಿಯುತ್ತಿತ್ತು, ಅವಳು ಮಾತು ತಿರುಗಿಸುತ್ತಿದ್ದಳು.

ಒಂದು ದಿನ ಹಿರಿಯರೆಲ್ಲ ಕೂಡಿದರು. "ಇವರ ಕಾಟ ಸಾಕಾಯ್ತು. ದಂಡಿಗೆ ಸೇರಿಸಿಬಿಡೋಣ. ನಾಲ್ಕು ಏಟು ಬಿದ್ದರೆ ಮನುಷ್ಯರಾಗ್ತಾರೆ" ಎಂದ ಹಿರಿಯ ಯಜಮಾನ.

ಬಿಡಿಸುವಕ್ಕ ಎದ್ದು ನಿಂತಳು. "ಯಜಮಾನರೇ, ಇವರಿಗೆ ಪುಂಡಾಟ ಬರುತ್ತೆ, ಒಗ್ಗಟ್ಟು ಬರಲ್ಲ. ಅದು ಬರಲ್ಲ ಅಂತಲೇ ನಾವು ಬದುಕಿದ್ದೀವಿ. ಈಗ ನಾವೇ ಊಟ ಕಟ್ಟಿಕೊಟ್ಟು ಅದನ್ನ ಕಲೀಲಿಕ್ಕೆ ಕಳಿಸೋದೇ?"

"ತಮ್ಮ ದೂರ ಹೋಗ್ತಾನೆ ಅನ್ನೋ ಸಂಕಟ ನಿನಗೆ. ಕೂತ್ಕೋ" ಎಂದ ಯಜಮಾನ. ಆ ಸಂಕಟವೂ ನಿಜವೇ ಆದ್ದರಿಂದ ಅವಳು ಕೂತುಕೊಂಡಳು.

ದಂಡಿನವನು ಬಂದ. ಅವನಿಗೆ ಆ ವರ್ಷ ಜನ ಸಾಲದೆ ತಲೆ ಕೆಟ್ಟುಹೋಗಿತ್ತು. ಏಳು ಜನರನ್ನೂ ಸಾಲಾಗಿ ನಿಲ್ಲಿಸಿ ನೋಡಿದ.

"ಕಾಲು ಎರಡೆರಡು ಇವೆಯಾ?"

"ಇವೆ."

"ಇವರ ಮೇಲೆ ಏನಾದರೂ ದೂರು?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಯ್ಯೋ, ಮುತ್ತಿನಂಥ ಹುಡುಗರು!" ಎಂದರು ಒಕ್ಕೊರಲಿಂದ.

ದಂಡಿನವನೂ ಅದನ್ನು ನಂಬಲಿಲ್ಲ, ಆದರೆ ಬರೆದುಕೊಂಡ. ಆ ಮಧ್ಯಾಹ್ನ ಊರಲ್ಲಿ ಮನೆಮನೆಗೂ ಪಾಯಸ. ಬಿಡಿಸುವಕ್ಕ ಮಾತ್ರ ಪಾಯಸದ ಬಟ್ಟಲು ಮುಂದಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು.

ಮೂರು ವರ್ಷ ಊರು ಹಾಯಾಗಿತ್ತು. ಕುಂಬಳಕಾಯಿಗಳು ಬಳ್ಳಿಯಲ್ಲೇ ಬಲಿತವು. ಮೂರು ವರ್ಷ ತುಂಬಿದ ಮೇಲೆ ಒಂದು ಬೆಳಗ್ಗೆ ಆಡುಗಳು ಇದ್ದಕ್ಕಿದ್ದ ಹಾಗೆ ಕಿವಿ ನಿಮಿರಿಸಿದವು. ಬೆಟ್ಟದ ಆಚೆಯಿಂದ ಸದ್ದು ಬರುತ್ತಿತ್ತು. ಧಪ್. ಧಪ್. ಧಪ್. ಹದಿನಾಲ್ಕು ಕಾಲಿನ ಸದ್ದು ಎರಡೇ ಕಾಲಿನದರಷ್ಟು ಚೊಕ್ಕವಾಗಿತ್ತು. ಬಿಡಿಸುವಕ್ಕ ಕೆಲಸ ಬಿಟ್ಟು ಎದ್ದು ನಿಂತಳು. ಆದರೆ ತಿರುವಿನಲ್ಲಿ ಕಾಣಿಸಿಕೊಂಡವರು ಯಾರೂ ಹಾಗೆ ನಡೆಯುತ್ತಿರಲಿಲ್ಲ. ಒಬ್ಬ ಕಾಲೆಳೆಯುತ್ತಿದ್ದ, ಒಬ್ಬ ಓಲಾಡುತ್ತಿದ್ದ. ಮುಂದಿದ್ದ ತಮ್ಮ ಕುಂಟುತ್ತಿದ್ದ.

"ಅಕ್ಕಾ!" ಎಂದು ಓಡಿಬಂದು ಅವಳ ಕಾಲು ಹಿಡಿದ. ಎಷ್ಟು ಎತ್ತರವಾಗಿದ್ದ, ಎಷ್ಟು ಅಗಲವಾಗಿದ್ದ! ಅವಳು ಅವನ ಕೆನ್ನೆ ಸವರಿದಳು.

"ಜೋಡು ಬಿಚ್ಚಪ್ಪಾ, ಇಪ್ಪತ್ತೊಂದು ದಿನ ಇಲ್ಲೇ ಇರಬೇಕು. ಕಟ್ಟಳೆ ಗೊತ್ತಲ್ಲ."

"ನಮಗೆ ಕವಾಯತು ಹತ್ತಲೇ ಇಲ್ಲ ಅಕ್ಕ. ನಮ್ಮ ಯೋಗ್ಯತೆ ನಿನಗೆ ಗೊತ್ತಿಲ್ಲವಾ? ಮೂರು ವರ್ಷವೂ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದೆವು. ನೋಡು ಬೇಕಾದರೆ."

ಕಟ್ಟಳೆಯಲ್ಲಿ ಅದಕ್ಕೊಂದು ದಾರಿ ಇತ್ತು. ದಂಡಿಗೆ ಹೋಗಿಯೂ ಹೆಜ್ಜೆ ಹತ್ತದವನನ್ನು ಬಿಡಿಸುವಕ್ಕ ನಡೆಸಿ ನೋಡಿ ಅಂದೇ ಒಳಗೆ ಬಿಡಬಹುದಿತ್ತು. ಏಳೂ ಜನ ನಡೆದು ತೋರಿಸಿದರು, ಏಳು ತರಹ. ಅವಳು ಹಿಂದೆ ನಿಂತು ನೋಡಿದಳು. ತಮ್ಮ ಕುಂಟುತ್ತಿದ್ದದ್ದು ಸರಿಯಾಗಿ ನಾಲ್ಕನೆಯ ಹೆಜ್ಜೆಗೊಮ್ಮೆ. ಪಕ್ಕದವನು ಕಾಲೆಳೆಯುತ್ತಿದ್ದದ್ದೂ ಸರಿಯಾಗಿ ಆ ನಾಲ್ಕನೆಯದಕ್ಕೇ. ಎಲ್ಲಾದರೂ ಕುಂಟರು ಎಣಿಸಿಕೊಂಡು ಕುಂಟುತ್ತಾರೆಯೇ? ಮೂವತ್ತು ವರ್ಷದ ಕಣ್ಣು, ಅವಳಿಗೆ ಕಂಡೇ ಕಂಡಿತು.

ಅಷ್ಟರಲ್ಲಿ ಅವನು ತಿರುಗಿ ಹೇಳಿದ, "ಅಕ್ಕಾ, ನಿನ್ನ ಕೈಯ ರೊಟ್ಟಿ ತಿಂದು ಮೂರು ವರ್ಷವಾಯಿತು. ನಮ್ಮನೆ ಒಲೆ ಮುಂದೆ ಕೂತು ತಿನ್ನಬೇಕು."

ಅವಳು ಏಳು ಬೆನ್ನಿಗೂ ಗುದ್ದಿದಳು. "ಹೋಗ್ರೋ, ಮನೆಗೆ ಹೋಗಿ" ಎಂದಳು. ಅವರು ಹಲಗೆ ಹತ್ತಿ ಮೊದಲನೆಯ ಗೂಡು ದಾಟಿದ ಮೇಲೆ ಅತ್ತ ಕಡೆಯಿಂದ ಧಪ್ ಧಪ್ ಎಂದು ಕೇಳಿಸಿತು. ಕೂಗಿ ವಾಪಸು ಕರೆಯಬಹುದಿತ್ತು. ಅವಳು ಹೋಗಿ ಆಡುಗಳಿಗೆ ಸೊಪ್ಪು ಹಾಕಿದಳು.

ಪುಂಡರು ಮೊದಲು ಹೋದದ್ದು ಎಣ್ಣೆಯಂಗಡಿಗೆ. ಈ ಸಲ ಏಳೂ ಜನ ಒಂದೇ ಹೊತ್ತಿಗೆ ಹೋದರು. ಕೈಯಲ್ಲಿ ಕತ್ತಿಯಿಲ್ಲ, ಕೋಲಿಲ್ಲ. ಅಂಗಡಿಯ ಮುಂದಿನ ಹಲಗೆಯ ಮೇಲೆ ಸಾಲಾಗಿ ನಿಂತರು. ತಮ್ಮ ಮೆಲ್ಲಗೆ, "ಎಡ, ಬಲ" ಎಂದ. ನಿಂತಲ್ಲೇ ನಿಂತು ಹೆಜ್ಜೆ ಹಾಕಿದರು, ಅಷ್ಟೇ. ಅಂಗಡಿ ತೊಟ್ಟಿಲಾಯಿತು. ಡಬ್ಬಗಳು ಉರುಳಿದವು, ತಕ್ಕಡಿ ಹಾರಿತು, ಅಂಗಡಿಯವನು ಕಂಬ ತಬ್ಬಿಕೊಂಡು, "ತಗೊಂಡು ಹೋಗ್ರಪ್ಪಾ, ಎಲ್ಲಾ ತಗೊಂಡು ಹೋಗಿ, ಕಾಲು ಮಾತ್ರ ನಿಲ್ಲಿಸಿ" ಎಂದು ಗೋಗರೆದ. ಊಟ ಹಾಕಿಸಿಕೊಂಡಿದ್ದ ಆ ಕೊನೆಯವನೇ ದೊಡ್ಡ ಡಬ್ಬ ಹೊತ್ತುಕೊಂಡ. ಅದೇ ಹೊತ್ತಿಗೆ ಊರಿನ ನೆತ್ತಿಯ ಮೇಲೆ ಪಟ್ ಎಂದಿತು. ಎಲ್ಲರೂ ತಲೆಯೆತ್ತಿದರು. ತಾಯಿಹಗ್ಗದ ಒಂದು ಎಳೆ ಹರಿದು ಜೋತಾಡುತ್ತಿತ್ತು.

ಮಾರನೆಯ ದಿನ ಬೆಲ್ಲದಂಗಡಿ, ಪಟ್. ಅದರ ಮಾರನೆಯ ದಿನ ಜವಳಿಯಂಗಡಿ, ಪಟ್. ಊರು ತಳವಾರರನ್ನು ಕರೆಯಿತು. ಊರು ಕಾಯುವವರು ನಾಲ್ವರು, ಕಟ್ಟಳೆಯಂತೆ ನಾಲ್ಕು ನಡಿಗೆ, ಹಾಗಾಗಿ ನಾಲ್ಕು ಹೊತ್ತಿಗೆ ಬಂದರು. ಮೊದಲನೆಯವನು ಬಂದಾಗ ಪುಂಡರು ಮುಂದೆ ಮೂವರು, ಅಕ್ಕಪಕ್ಕ ಇಬ್ಬರು, ಹಿಂದೆ ಇಬ್ಬರು ನಿಂತು ಕಾಯುತ್ತಿದ್ದರು. ಹಿಂದೆಲ್ಲ ಇವರನ್ನು ಹಿಡಿಯುವುದೆಂದರೆ ಕೋಳಿಮರಿ ಹಿಡಿದಷ್ಟೇ ಕೆಲಸ. ಈಗ ಯಾವ ಕಡೆಯಿಂದ ಹೋದರೂ ಎದುರಿಗೆ ಒಂದು ಮುಖ. ಸಂಜೆಯಾಗುವ ಮೊದಲೇ ನಾಲ್ವರು ತಳವಾರರನ್ನೂ ಅವರವರ ರುಮಾಲಿನಿಂದಲೇ ಕಟ್ಟಿ, ಎಣ್ಣೆಯಂಗಡಿಯ ಜಗಲಿಯ ಮೇಲೆ ಕೂರಿಸಿದ್ದರು.

ಹಿರಿಯರು ಮತ್ತೆ ಕೂಡಿದರು. ತುಂಬ ಯೋಚಿಸಿದರು. ಅವರು ತುಂಬ ಯೋಚಿಸಿದಾಗಲೆಲ್ಲ ಊರಿಗೆ ಏನಾದರೊಂದು ಆಗುತ್ತಿತ್ತು.

"ಪುಂಡರಿಗೆ ಕವಾಯತು ಬರುತ್ತೆ, ತಳವಾರರಿಗೆ ಬರಲ್ಲ. ಅದೇ ತೊಂದರೆ. ಇವರಿಗೂ ಕಲಿಸೋಣ" ಎಂದ ಯಜಮಾನ.

"ಕಲಿಸೋರು ಯಾರು?"

"ಊರಲ್ಲಿ ಕವಾಯತು ಬಲ್ಲವರು ಯಾರಿದ್ದಾರೆ?"

ಎಲ್ಲರೂ ಯೋಚಿಸಿ ನೋಡಿದರು. ಇದ್ದವರು ಏಳೇ ಜನ. ಹಿರಿಯರು ಹಣ್ಣಿನ ಬುಟ್ಟಿ ಹಿಡಿದು ತಮ್ಮನ ಹತ್ತಿರ ಹೋದರು. ಅವನು ಬುಟ್ಟಿ ಇಸಕೊಂಡು, ಗಂಭೀರವಾಗಿ ತಲೆಯಾಡಿಸಿ, "ಊರ ಸೇವೆ ಅಂದ ಮೇಲೆ ಇಲ್ಲ ಅನ್ನೋದು ಹೇಗೆ?" ಎಂದ. ಬಿಡಿಸುವಕ್ಕ ತಲೆ ತಲೆ ಚಚ್ಚಿಕೊಂಡಳು. ಅವಳ ಮಾತು ಕೇಳುವವರು ಯಾರು?

ಆಚೆ ಬೆಟ್ಟದ ಮೇಲೆ ಹದಿನೈದು ದಿನ ಅವನು ತಳವಾರರಿಗೆ ಕವಾಯತು ಕಲಿಸಿದ. ಪುಂಡನಾದರೂ ಕೆಲಸದಲ್ಲಿ ಮೋಸವಿಲ್ಲ, ಚೆನ್ನಾಗಿಯೇ ಕಲಿಸಿದ. ಹದಿನಾರನೆಯ ದಿನ ಹಿರಿಯರು ಬೀದಿಯಲ್ಲಿ ನಿಂತು, ಎದುರು ಬದುರು ನಿಂತ ಏಳು ಜನರನ್ನೂ ನಾಲ್ಕು ಜನರನ್ನೂ ನೋಡಿ ಹಿಗ್ಗಿದರು. "ಹಿಡೀರಿ ಅವರನ್ನ!" ಎಂದ ಯಜಮಾನ.

ತಮ್ಮ ಗಂಟಲು ಸರಿಮಾಡಿಕೊಂಡು, "ಬಲಕ್ಕೆ ತಿರುಗಿ" ಎಂದ.

ಹನ್ನೊಂದು ಜನ ಬಲಕ್ಕೆ ತಿರುಗಿದರು. "ಮುಂದೆ ನಡಿ" ಎಂದ. ಹನ್ನೊಂದು ಜನ ಮುಂದೆ ನಡೆದರು. ತಳವಾರರ ಮುಖದಲ್ಲಿ ದಿಗಿಲಿತ್ತು, ಕೊನೆಯವನ ಕಣ್ಣಲ್ಲಿ ನೀರೇ ಬಂದಿತ್ತು, ಆದರೆ ಕಾಲು ಹೋಗುತ್ತಲೇ ಇತ್ತು. ಒಂದೇ ಒಂದು ಸುತ್ತು ಊರು ಸುತ್ತಿದರು. ಪಟ್, ಪಟ್, ಪಟ್. ಒಂಬತ್ತು ಎಳೆಯ ತಾಯಿಹಗ್ಗದಲ್ಲಿ ಈಗ ಉಳಿದದ್ದು ಮೂರು. ತಮ್ಮ ಅಲ್ಲೇ ಡಂಗುರ ಸಾರಿಸಿದ. ನಾಳೆ ನೆತ್ತಿಯ ಮೇಲೆ ಬಿಸಿಲು ಬರುವ ಹೊತ್ತಿಗೆ ಹನ್ನೊಂದು ಜನ ನಡುಬೀದಿಯ ಉದ್ದಕ್ಕೂ ನಡೆದುಹೋಗಿ ಹಿರಿಯರ ಚಾವಡಿಯಲ್ಲಿ ಕೂರುತ್ತಾರೆ, ಇನ್ನು ಮುಂದೆ ಊರು ಅವರದು.

ಹಿರಿಯರು ಬಿದ್ದುಬೀಳುತ್ತ ಬಿಡಿಸುವಕ್ಕನ ಚಪ್ಪರಕ್ಕೆ ಬಂದರು. "ಅವರು ಕಾಲಲ್ಲಿ ಕವಾಯತು ಇಟ್ಟುಕೊಂಡೇ ಒಳಗೆ ಬಂದರಲ್ಲ, ಅದು ಹೇಗಮ್ಮ?" ಎಂದು ಕೇಳಿದರು.

"ನಾನೇ ಬಿಟ್ಟೆ" ಎಂದಳು ಅವಳು. "ನನಗೆ ಕಂಡಿತ್ತು. ತಮ್ಮ ಅಂತ ಬಿಟ್ಟೆ." ಹಾಗೆ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಯಜಮಾನ ಬೈಯಲೆಂದು ಬಾಯಿ ತೆರೆದ, ಪಾಯಸ ಹಂಚಿಸಿದ್ದು ನೆನಪಾಯಿತೋ ಏನೋ, ಹಾಗೇ ಮುಚ್ಚಿದ.

ಅವಳು ಗೂಡಿಗೆ ಹೋದಾಗ ತಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದ.

"ಮೂರೇ ಎಳೆ ಉಳಿದಿದೆ ಕಣೋ."

"ಹಗ್ಗ ಹಳೇದಾಗಿದೆ ಅಕ್ಕ, ಅದಕ್ಕೆ ಹರೀತಿದೆ. ಹೆಜ್ಜೆಗೆ ಊರು ಬೀಳುತ್ತೆ ಅನ್ನೋದೆಲ್ಲ ಕಟ್ಟುಕತೆ. ಇನ್ನೊಂದು ರೊಟ್ಟಿ ಹಾಕು."

"ನಿನಗೆ ಏನು ಕಮ್ಮಿ ಮಾಡಿದ್ದೆ ನಾನು? ಯಾಕೆ ಬೇಕು ನಿನಗೆ ಇದೆಲ್ಲ?"

ಅವನು ತುತ್ತು ಕೆಳಗಿಟ್ಟ. "ಈ ಊರಲ್ಲಿ ಹುಟ್ಟಿದಾಗಿನಿಂದ ಒಬ್ಬನೇ ನಡೆದೆ. ನಿನ್ನ ಕೈ ಹಿಡಿದು ನಡೆಯುವಾಗಲೂ ನೀನು ಬೇರೆ, ನಾನು ಬೇರೆ. ದಂಡಿನಲ್ಲಿ ಮೊದಲನೇ ದಿನ ನನ್ನ ಕಾಲಿನ ಜೊತೆ ಇನ್ನೊಂದು ಕಾಲು ಬಿತ್ತು. ಆಮೇಲೆ ನೂರು ಕಾಲು. ನಿನಗೆ ಅದು ಗೊತ್ತಾಗಲ್ಲ ಬಿಡಕ್ಕ."

ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದಿತು. ಜನ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬೀದಿಯ ಎರಡೂ ಕಡೆ ಕಂಬ ಹಿಡಿದು ನಿಂತಿದ್ದರು. ಓಡಿಹೋಗೋಣ ಎಂದರೆ ಎಲ್ಲರೂ ಒಟ್ಟಿಗೆ ಓಡಿದರೂ ಅದೇ ಗತಿ. ಹನ್ನೊಂದು ಜನ ನಡುಬೀದಿಗೆ ಬಂದರು. ಧಪ್. ಧಪ್. ತಮ್ಮ ಮುಂದೆ. ಬಿಡಿಸುವಕ್ಕ ಮಜ್ಜಿಗೆ ಕೊಡ ಸೊಂಟದ ಮೇಲಿಟ್ಟುಕೊಂಡು ಸೀದಾ ಸಾಲಿನ ಮಧ್ಯೆ ಹೊಕ್ಕಳು.

"ಏನಪ್ಪಾ," ಎಂದಳು ಪಕ್ಕದ ತಳವಾರನಿಗೆ, "ನಿನ್ನ ಹೆಂಡತಿ ಇವತ್ತು ಸಾರಿಗೆ ಏನು ಹಾಕಿದ್ದಾಳೆ?"

"ನುಗ್ಗೇಕಾಯಿ ಅಕ್ಕ" ಎಂದ ಅವನು, ಒಂದು ಹೆಜ್ಜೆ ತಡವರಿಸಿದ. ಮುಂದಿನವನೂ ತಡವರಿಸಿದ. ಅವಳಿಗೆ ಜೀವ ಬಂದಂತಾಯಿತು. ಆದರೆ ಮುಂದಿನಿಂದ ತಮ್ಮ ಗಟ್ಟಿಯಾಗಿ, "ಎಡ! ಬಲ!" ಎಂದು ಕೂಗಿದ. ಸಾಲು ಮತ್ತೆ ಬಿಗಿಯಾಯಿತು. ಅವಳು ಇನ್ನೇನೋ ಕೇಳಲು ಹೋದಳು, ಬಾಯಿಂದ ಮಾತು ಬರಲಿಲ್ಲ. ಅಕ್ಕಪಕ್ಕದ ಕಾಲುಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಹಲಗೆ ಅವಳ ಅಂಗಾಲನ್ನು ಕೆಳಗಿನಿಂದ ಎತ್ತಿ ಎತ್ತಿ ಕೊಡುತ್ತಿತ್ತು. ಅವಳಿಗೆ ತಿಳಿಯುವ ಮೊದಲೇ ಅವಳ ಕಾಲು ಅವರ ಕಾಲಿನ ಜೊತೆ ಬಿತ್ತು.

ಅಯ್ಯೋ, ಇಷ್ಟು ಸುಖವೇ ಇದು! ಮೈ ಹಗುರವಾಯಿತು, ಕೊಡದ ಭಾರ ಗೊತ್ತಾಗಲಿಲ್ಲ, ಎಷ್ಟೋ ವರ್ಷದ ಮಂಡಿನೋವು ಎಲ್ಲಿಗೆ ಹೋಯಿತೋ. ಮುಂದಿನವನ ಉಸಿರು ಅವಳ ಉಸಿರಾಗಿತ್ತು. ಏಳೆಂಟು ಹೆಜ್ಜೆ ಅವಳು ಹಾಗೆ ನಡೆದಳು, ಮತ್ತೆ ಏಳೆಂಟು ನೂರು ನಡೆಯಬೇಕು ಅನ್ನಿಸಿತು.

ಪಟ್. ಪಟ್.

ಬೀದಿ ಒಂದು ಕಡೆಗೆ ವಾಲಿತು. ಎಡಗಡೆಯ ಕಟಕಟೆ ಕಳಚಿಕೊಂಡು ಮೋಡದೊಳಗೆ ಬಿತ್ತು. ಕೊಡ ಜಾರಿ, ಮಜ್ಜಿಗೆ ಹಲಗೆಯ ಮೇಲೆಲ್ಲ ಹರಿಯಿತು. ಯಾವುದೋ ಗೂಡಿನಲ್ಲಿ ಮಗು ಕಿರುಚಿತು. ಬಿಡಿಸುವಕ್ಕ ಬೆಚ್ಚಿಬಿದ್ದಳು. ಹೊತ್ತು ಮೀರಿದರೂ ಆಟ ಬಿಟ್ಟು ಬಾರದ ಹುಡುಗನನ್ನು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳಲ್ಲ, ಆ ದನಿಯಲ್ಲೇ ಕೂಗಿದಳು. "ನಿಂತ್ಕೊಳ್ರೋ!"

ಹನ್ನೊಂದು ಜನ ನಿಂತರು. ಕಲಿತ ಕಾಲು ಹೇಳಿದವರು ಯಾರು ಎಂದು ಕೇಳಲಿಲ್ಲ, ದನಿ ಗಟ್ಟಿಯಾಗಿದ್ದರೆ ಅದಕ್ಕೆ ಸಾಕಾಗಿತ್ತು. ಊರೂ ಅದನ್ನು ನೋಡಿತು. ಯಜಮಾನ ಕಂಬ ತಬ್ಬಿಕೊಂಡೇ ಕೂಗಿದ, "ನಿನ್ನ ಮಾತು ಕೇಳ್ತಾರೆ! ಎಡಕ್ಕೆ ತಿರುಗಿಸು!" ಎಡಕ್ಕೆ ಕಟಕಟೆ ಇರಲಿಲ್ಲ. "ಮುಂದೆ ನಡಿ ಅನ್ನು! ಒಂದೇ ಮಾತು, ಪೀಡೆ ತೊಲಗುತ್ತೆ!" ಎಂದು ಬೀದಿಯ ಎರಡೂ ಕಡೆಯಿಂದ ಜನ ಕೂಗಿದರು. ಅದು ನಿಜವಾಗಿತ್ತು. ಎರಡು ಮಾತು ಹೇಳಿದ್ದರೆ ಹನ್ನೊಂದೂ ಜನ ಎದೆ ಸೆಟೆಸಿಕೊಂಡು ಮೋಡದೊಳಕ್ಕೆ ನಡೆದುಹೋಗುತ್ತಿದ್ದರು, ಅವರಲ್ಲಿ ತಮ್ಮನೂ ಒಬ್ಬ.

ಅವಳು ತಮ್ಮನ ಕತ್ತಿನ ಹಿಂಬದಿ ನೋಡಿದಳು. ಅವನು ತಲೆಯೆತ್ತಿ ಮೇಲೆ ನೋಡುತ್ತಿದ್ದ. ಸರಿಯಾಗಿ ಅವನ ನೆತ್ತಿಯ ಮೇಲೆ ತಾಯಿಹಗ್ಗದ ಕೊನೆಯ ಎಳೆ, ಹೆಬ್ಬೆರಳಿನಷ್ಟು ದಪ್ಪದ್ದು, ನಾರು ಬಿಚ್ಚಿಕೊಳ್ಳುತ್ತ ಸಣ್ಣಗೆ ತಿರುಗುತ್ತಿತ್ತು. ಅವನ ಕಾಲು ಗಡಗಡ ನಡುಗಲು ಶುರುವಾಯಿತು. ದಂಡಿನಲ್ಲಿ ಮೂರು ವರ್ಷ ಕಲಿತದ್ದು ಯಾವುದೂ ಆ ನಡುಕಕ್ಕೆ ಅಡ್ಡ ಬರಲಿಲ್ಲ.

"ಅಕ್ಕಾ" ಎಂದ, ತಿರುಗಲಿಲ್ಲ. "ಕತೆಯಲ್ಲ ಅಕ್ಕ, ಇದು."

"ಗೊತ್ತಪ್ಪಾ. ಎಲ್ಲರೂ ಕೂತ್ಕೊಳ್ಳಿ" ಎಂದಳು. ಹನ್ನೊಂದು ಜನ ಮಜ್ಜಿಗೆಯಲ್ಲಿ ಕೂತರು. "ಜೋಡು ಬಿಚ್ಚಿ." ಬಿಚ್ಚಿದರು. "ಕೂತಲ್ಲಿಂದಲೇ ತೆವಳಿಕೊಂಡು ನಡೀರಿ, ಬೆಟ್ಟಕ್ಕೆ. ಒಬ್ಬರಾದ ಮೇಲೆ ಒಬ್ಬರು."

ಅಂಡಿನ ಮೇಲೆ ತೆವಳುವ ಕವಾಯತನ್ನು ಯಾವ ದಂಡೂ ಕಲಿಸಿರಲಿಲ್ಲ. ಒಬ್ಬ ಅಡ್ಡಡ್ಡ ಹೋದ, ಒಬ್ಬ ಮಜ್ಜಿಗೆಯಲ್ಲಿ ಜಾರಿ ತಿರುತಿರುಗಿ ಎದುರು ದಿಕ್ಕಿಗೆ ಮುಖವಾದ. ಅಂದು ಎಣ್ಣೆಯ ಡಬ್ಬ ಹೊತ್ತುಹೋಗಿದ್ದವನು ಆ ಅಂಗಡಿಯ ಮುಂದೆ ಬಂದಾಗ ತಲೆ ತಗ್ಗಿಸಿ, "ನಮಸ್ಕಾರ ಮಾವ" ಎಂದ. ಮೊದಲು ಎಣ್ಣೆಯಂಗಡಿಯವನು ನಕ್ಕ. ಆಮೇಲೆ ಊರೇ ನಕ್ಕಿತು, ಪ್ರಾಣ ಉಳಿದವರು ನಗುವ ನಗು, ಹೊಟ್ಟೆ ಹುಣ್ಣಾಗುವ ಹಾಗೆ. ಒಬ್ಬೊಬ್ಬರದು ಒಂದೊಂದು ತರಹದ ನಗುವಾದ್ದರಿಂದ ಹಗ್ಗಕ್ಕೆ ಏನೂ ಆಗಲಿಲ್ಲ. ಕೊನೆಯವಳಾಗಿ ಬಿಡಿಸುವಕ್ಕ ತಾನೂ ಕೂತು, ಸೀರೆಯ ಚುಂಗು ಸಿಕ್ಕಿಸಿಕೊಂಡು, ಬೆಟ್ಟದವರೆಗೂ ತೆವಳಿದಳು.

ಹಗ್ಗ ಹೊಸೆಯುವವರು ಅಂದೇ ನಾರು ನೆನೆಹಾಕಿದರು. ಮೂರನೆಯ ದಿನ ಯಜಮಾನ ಚಪ್ಪರಕ್ಕೆ ಬಂದು ಮುಸಿಮುಸಿ ನಗುತ್ತ ಕೂತ. "ನಾನೊಂದು ಯೋಚನೆ ಮಾಡಿದೆ. ನೀನು ಹೇಳಿದ ಹಾಗೆ ಕೇಳ್ತಾರಲ್ಲ, ಇವರನ್ನ ಬಿಡಿಸೋದು ಯಾಕೆ? ಹೀಗೇ ಇಟ್ಟುಕೊಂಡರೆ ಊರಿಗೆ ಒಂದು ಬಲ ಇರುತ್ತೆ."

"ಯಜಮಾನರೇ, ನಿಮ್ಮ ಬೆರಳು ನೋಡಿಕೊಳ್ಳಿ" ಎಂದಳು. ಯಜಮಾನನ ಬೆರಳು ತಾನಾಗಿ ಮಂಡಿಯ ಮೇಲೆ ತಾಳ ಹಾಕುತ್ತಿತ್ತು, ಎಡ ಬಲ, ಎಡ ಬಲ. ಅವನ ಸೊಂಟದ ಮೇಲೂ ಒಂದು ಕೊಡ ಕೂತಿತು. ಊರಿನವರು ಕೆಲಸ ಬಿಟ್ಟು ಅದನ್ನು ನೋಡಲು ಬರುತ್ತಿದ್ದರು.

ಇಪ್ಪತ್ತೊಂದು ದಿನಕ್ಕೆ ತಳವಾರರು ಕವಾಯತು ಬಿಟ್ಟರು, ಯಜಮಾನ ಬಿಟ್ಟ. ಇನ್ನೊಂದು ತಿಂಗಳಿಗೆ ಆರು ಜನ ಪುಂಡರು ಬಿಟ್ಟರು. ಎಣ್ಣೆಯಂಗಡಿಯವನು ಒಬ್ಬನನ್ನು ಗಾಣಕ್ಕೆ ಇಟ್ಟುಕೊಂಡ. ಬೆಟ್ಟದ ಮೇಲೆ ಇಬ್ಬರೇ ಉಳಿದರು. ತಮ್ಮನ ಮೊಣಕಾಲಿನ ಬಿಗಿ ಬಿಟ್ಟಿರಲಿಲ್ಲ. ಇನ್ನೊಬ್ಬಳು ಬಿಡಿಸುವಕ್ಕ.

ಆ ಮಧ್ಯಾಹ್ನದಿಂದ ಅವಳು ಹಲಗೆಯ ಮೇಲೆ ಕಾಲಿಟ್ಟಿರಲಿಲ್ಲ. "ನೀನು ದಾಟಮ್ಮ, ನಿನ್ನನ್ನ ಯಾರು ಕೇಳ್ತಾರೆ?" ಎಂದು ಎಲ್ಲರೂ ಹೇಳಿದರು. "ಏಳೆಂಟು ಹೆಜ್ಜೆ ನಾನೂ ಹಾಕಿದ್ದೇನೆ" ಎನ್ನುತ್ತಿದ್ದಳು. ಚಪ್ಪರದಿಂದ ಅವಳ ಗೂಡು ಕಾಣುತ್ತಿತ್ತು, ಹೊಗೆಯಿಲ್ಲದ ಮಾಡು. ತನ್ನ ಮೊಣಕಾಲಿನ ಹಿಂಬದಿಯನ್ನು ತಾನೇ ನೋಡಿಕೊಳ್ಳುವುದು ಯಾರಿಗೂ ಆಗದ ಕೆಲಸ. ಅದಕ್ಕೆ ತಮ್ಮನಿಗೆ ನೋಡುವುದನ್ನು ಕಲಿಸಿದಳು, ಬಿಗಿ ಎಲ್ಲಿ ನಿಲ್ಲುತ್ತದೆ, ಹೇಗೆ ಬಚ್ಚಿಟ್ಟುಕೊಳ್ಳುತ್ತದೆ. ಅವನು ಬೇಗ ಕಲಿತ.

ತೊಂಬತ್ತನೆಯ ದಿನ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡಳು. ಒಳ್ಳೆಯ ಸೀರೆ ಉಟ್ಟಳು. ಹಿಟ್ಟಿನ ಗಂಟು ಕಂಕುಳಲ್ಲಿ ಇಟ್ಟುಕೊಂಡಳು. "ಇವತ್ತು ಮನೇಲಿ ಒಲೆ ಹಚ್ತೀನಿ ಕಣೋ. ನಿನಗೂ ಬಿಸಿ ರೊಟ್ಟಿ ಕಳಿಸ್ತೀನಿ. ನೋಡಿ ಹೇಳು" ಎಂದು ಹಲಗೆಯ ಕಡೆ ನಡೆದಳು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ಒಂದು ಸೊಟ್ಟ. ನೋಡಿದವರು ಯಾರೂ ಒಂದು ಹುಳುಕು ಹೇಳುವಂತಿರಲಿಲ್ಲ. ತಮ್ಮ ಹಿಂದೆ ಕೂತು ನೋಡಿದ. ಮೂರು ತಿಂಗಳಿಂದ ಅವನೂ ಬಿಸಿ ರೊಟ್ಟಿ ಕಂಡಿರಲಿಲ್ಲ.

ಹಲಗೆಯ ಅಂಚಿನಲ್ಲಿ ಅವಳು ತಿರುಗಿ ನಿಂತಳು. ಮುಖವೆಲ್ಲ ನಗು. "ಏನೋ? ಗುದ್ದೋ ಬೆನ್ನಿಗೆ!"

ಅವನು ಏಳಲಿಲ್ಲ. ತಲೆ ಅಲ್ಲಾಡಿಸಿದ.

"ಇಲ್ಲಕ್ಕ. ಇನ್ನೂ ಇದೆ."

"ಸುಳ್ಳು! ಸರಿಯಾಗಿ ನೋಡು!"

"ನೋಡಿದೆ. ಎಡಗಾಲಿನಲ್ಲಿ ಇದೆ. ಇವತ್ತು ಬೇಡಕ್ಕ."

ಅವಳು ಬಾಯಿಗೆ ಬಂದ ಹಾಗೆ ಬೈದಳು. ಕಳ್ಳ, ಪುಂಡ, ಸುಳ್ಳುಗಾರ, ಸಾಕಿದವಳಿಗೇ ದ್ರೋಹ ಬಗೆಯುವವನು ಎಂದಳು. ಆಡುಗಳು ಹೆದರಿ ದೂರ ಹೋದವು. ಅವನು ಎಲ್ಲಕ್ಕೂ "ಹೌದಕ್ಕ" ಎಂದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

ಬೈದು ಬೈದು ಸುಸ್ತಾಗಿ ಅವಳು ಅಲ್ಲೇ ಬಂಡೆಯ ಮೇಲೆ ಕೂತಳು. ಬಹಳ ಹೊತ್ತು ತನ್ನ ಗೂಡನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಸೆರಗಿನಿಂದ ಮೊದಲು ಅವನ ಮುಖ ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು. ಹಿಟ್ಟಿನ ಗಂಟು ಬಿಚ್ಚುತ್ತ, "ಕೂತು ಅಳಬೇಡ, ಹೋಗಿ ಒಲೆಗೆ ಮೂರು ಕಲ್ಲು ತಗೊಂಡು ಬಾ" ಎಂದಳು.